ಗೌರವದ ಜಾಗದಲ್ಲಿ ಕೂತ ಪಂಪು

ಬೌತಿನೋ ಬಂದರಿನಲ್ಲಿ ಆ ಶರತ್ಕಾಲ ಒಂದು ಘನಗಂಭೀರ ಪ್ರಶ್ನೆ ಎದ್ದಿತ್ತು: ಪಂಪಿಗೆ ಹೊದಿಸುವ ಮಖಮಲ್ಲು ಕೆಂಪಿರಬೇಕೋ, ಹಸಿರೋ? ಕಲಂಪಿರ್ ಮೂರು ದಿನ ಯೋಚಿಸಿ ಕೆಂಪು ಹೊದಿಸಿದಳು.

ಅದು ಅವಳ ಗಂಡ ಸಾರ್ಸೆನ್ ಮೀನುದೋಣಿಗೆಂದು ತಂದ ಪಂಪು. ಇಬ್ಬರು ಎತ್ತಿ ಒಯ್ಯಬಹುದು, ಎಂಜಿನ್ನೂ ಅದರದೇ. ಆದರೆ ನಮ್ಮ ಕಡೆ ಬೆಲೆಬಾಳುವುದೆಲ್ಲ ಬಾಗಿಲಿಗೆ ಎದುರಾದ ಗೌರವದ ಜಾಗಕ್ಕೆ, ರಜಾಯಿಗಳ ರಾಶಿಯ ಪಕ್ಕಕ್ಕೆ ಹೋಗುತ್ತದೆ. ಪಂಪೂ ಹೋಯಿತು. ಸಾರ್ಸೆನ್ ಕಡಲಿಗಿಳಿದರೆ ಹತ್ತು ಹನ್ನೆರಡು ದಿನ ಸುದ್ದಿಯಿಲ್ಲ. ಆಗೆಲ್ಲ ಅವಳು ಮಖಮಲ್ಲು ಸರಿಸಿ ಪಂಪಿನ ಹಿಡಿಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಅದಕ್ಕೆ ಅವನ ಕೋಟಿನದೇ ವಾಸನೆ.

ದೋಣಿ ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ಬಾಲ್ಜಾನ್ ಚಹಾಕ್ಕೆ ಬಂದಳು. ಅವಳಿಗೆ ಬಂದರಿನ ರಕ್ಷಣಾ ಠಾಣೆಯಲ್ಲಿ ಕೆಲಸ.

"ಅತ್ತಿಗೆ, ಪೆಟ್ರೋಲ್ ವಾಸನೆ! ಒಲೆಯಿಂದ ಹತ್ತೇ ಹೆಜ್ಜೆ! ಯಾರಿದು ಮುಸುಕು ಹಾಕ್ಕೊಂಡು ಕೂತಿರೋ ಮದುವಣಗಿತ್ತಿ?"

"ಪಂಪು ಕಣೇ. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತೆ. ದೋಣೀಲಿ ಇನ್ನೊಂದು ಇದೆಯಲ್ಲ."

"ಅದು ದೋಣಿ ಎಂಜಿನ್ ನಂಬ್ಕೊಂಡಿರೋದು. ನೀರು ಎಂಜಿನ್‌ವರೆಗೆ ಬಂತೋ, ಎರಡೂ ಒಟ್ಟಿಗೇ ಸಾಯ್ತವೆ. ಇದು ಮೇಲೆ ನಿಂತು ನೀರು ಹೊರಗೆ ಚೆಲ್ಲುತ್ತೆ. ಹಗ್ಗಕ್ಕೋ ಬಲೆಗೋ ಬೆಂಕಿ ಬಿದ್ರೆ ಕಡಲನ್ನೇ ಎತ್ತಿ ಸುರಿಯುತ್ತೆ. ಅಣ್ಣ ಯಾಕೆ ಬಿಟ್ಟು ಹೋಗ್ತಾನೆ?"

ಕಲಂಪಿರ್ ಬಟ್ಟಲನ್ನೇ ನೋಡಿದಳು. "ನಾನೇ ಕೇಳ್ಕೊಂಡೆ. ಅವರದು ಅಂತ ಒಂದಾದ್ರೂ ಮನೇಲಿರಲಿ ಅಂತ."

ಬಾಲ್ಜಾನ್ ನಗಲಿಲ್ಲ. "ನಿಂಗೆ ಬೇಕಾಗಿರೋದು ಅವನ ವಾಸನೆನೋ, ಅವನೋ?"

ಇಬ್ಬರೂ ಪಂಪನ್ನು ಕೈಗಾಡಿಗೇರಿಸಿ ದಡಕ್ಕೆ ಒಯ್ದರು. ದೋಣಿಯ ಬಳಿಯಿದ್ದ ಸಾರ್ಸೆನ್ ಎಂಜಿನ್ ಶುರುಮಾಡುವ ದಾರ ಎಳೆದ. ಎಂಜಿನ್ ಗುಡುಗಿತು, ನೀರು ಮಾತ್ರ ಬರಲಿಲ್ಲ.

"ಗೌರವದ ಜಾಗದಲ್ಲಿ ಕೂತೂ ಕೂತೂ ಕೆಲಸ ಮರೆತಿದೆ," ಎಂದ.

"ಮರೆತಿರೋದು ನೀನಣ್ಣ! ನಿಲ್ಸು. ಮೊದ್ಲು ಪಂಪಿನ ಹೊಟ್ಟೆಗೆ ನೀರು ತುಂಬು. ಕೊಳವೆ ಬಾಯಿಗೆ ಜಾಲರಿ ಹಾಕಿ ನೀರೊಳಗೆ ಮುಳುಗ್ಸು. ಮುಚ್ಚಿದ ಕೋಣೇಲಿ ಮಾತ್ರ ಓಡಿಸ್ಬೇಡ, ಹೊಗೆ ಪ್ರಾಣ ತೆಗೆಯುತ್ತೆ."

ಈ ಸಲ ಹಾರಿದ ನೀರು ಪಕ್ಕದ ದೋಣಿಯವನ ತಿಂಡಿಯನ್ನು ತೊಳೆದುಕೊಂಡು ಹೋಯಿತು. ಅವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸಂಜೆ ಮನೆಯ ಕಂಬಳಿಯ ಮೇಲೆ ಪಂಪಿನ ಕಾಲುಗಳ ಗುರುತಷ್ಟೇ ಇತ್ತು. ಕಲಂಪಿರ್ ಬಗ್ಗಿ ಮೂಸಿದಳು. ಬರೀ ಉಣ್ಣೆ.

ಆರನೆಯ ದಿನ ನೀರಡಿಯ ಕಬ್ಬಿಣದ ಕಂಬವೊಂದು ದೋಣಿಯ ತಳ ಸೀಳಿತು. ಎಂಜಿನ್ ಮುಳುಗಿತು, ಅದನ್ನು ನಂಬಿದ್ದ ಪಂಪೂ ನಿಂತಿತು. ಮನೆಯಿಂದ ತಂದ ಪಂಪು ಮಾತ್ರ, ರಕ್ಷಣಾ ಹಡಗು ಬರುವ ತನಕ ಏಳು ತಾಸು ನೀರು ಚೆಲ್ಲುತ್ತಲೇ ಇತ್ತು.

ಕಡಲಿಗೆ ಹೋಗುವವರೇ, ಅವರ ದಾರಿ ಕಾಯುವವರೇ, ನಿಮ್ಮ ಪಂಪು ಈಗ ಎಲ್ಲಿದೆ? ದೋಣಿಯ ಮೇಲೆ, ಕೈಗೆಟಕುವಲ್ಲಿ ಕಟ್ಟಿಡಿ. ವಾರಕ್ಕೊಮ್ಮೆ ಓಡಿಸಿ ನೋಡಿ. ದೋಣಿಯಲ್ಲಿರುವ ಪ್ರತಿಯೊಬ್ಬರೂ ಓಡಿಸಲು ಕಲಿಯಿರಿ. ನೆನಪಿಗೆ ಅವರ ಹಳೆಯ ಟೋಪಿ ಇಟ್ಟುಕೊಂಡರೆ ಸಾಕು.

ಸಾರ್ಸೆನ್ ಏಳನೆಯ ದಿನ ಮನೆಗೆ ಬಂದ.