ಸೂಜಿಮೊನೆಯಷ್ಟು ತೂತು

ಟ್ರ್ಯಾಕ್ಟರು ಕೆಮ್ಮಿ ನಿಂತಾಗ ಮೆಕ್ಯಾನಿಕ್ಕನ ಎದೆ ಧಸಕ್ಕೆಂದಿತು.

ಬೆಳಿಗ್ಗೆಯಿಂದ ಕರೆಂಟಿಲ್ಲ. ಅಕ್ಕನ ಮೀನಿನ ಕೊಳದಲ್ಲಿ ನೀರು ಚಿಮ್ಮಿಸಿ ಗಾಳಿ ಬೆರೆಸುವ ಚಕ್ರವನ್ನು ಈ ಮುದಿ ಡೀಸೆಲ್ ಟ್ರ್ಯಾಕ್ಟರೇ ತಿರುಗಿಸಬೇಕು. ಚಕ್ರ ನಿಂತರೆ ಮೀನಿಗೆ ಉಸಿರಿಲ್ಲ. ಮೂರು ದಿನದಿಂದ ಮೋಡ ಬೇರೆ; ಬಿಸಿಲಿಲ್ಲದೆ ನೀರಿನಲ್ಲಿ ಗಾಳಿಯೂ ಕಡಿಮೆ. ನೀರು ಹಸಿರುಗಟ್ಟಿತ್ತು. ಮೀನುಗಳೆಲ್ಲ ಮೇಲೆ ಬಂದು, ಬಾಯಿ ಹೊರಗಿಟ್ಟು ಗುಳುಂ ಗುಳುಂ ಎನ್ನುತ್ತಿದ್ದವು. ದಂಡೆಯ ಹತ್ತಿರ ಏಳೆಂಟು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಏನಯ್ಯಾ ಭಾಮೈದ, ನೀನು ರಿಪೇರಿ ಮಾಡೋಕೆ ಮುಂಚೆ ಇದು ಹೊಗೆ ಉಗುಳ್ತಿತ್ತು. ಆದ್ರೆ ಓಡ್ತಿತ್ತು,” ಎಂದ ಭಾವ.

“ಬಾಯಿ ಮುಚ್ಕೊಂಡು ಆ ಸ್ಪ್ಯಾನರ್ ಕೊಡಿ ಭಾವ.”

ಹೋದ ವಾರ ಇದರ ಪಂಪು ಬಿಚ್ಚಿ ಜೋಡಿಸಿದ್ದು ಇವನೇ. ಆಮೇಲೆ ದಿನಕ್ಕೆರಡು ನಿಮಿಷ ಓಡಿಸಿ ನೋಡಿದ್ದು ಬಿಟ್ಟರೆ ಅದಕ್ಕೆ ನಿಜವಾದ ಕೆಲಸ ಬಿದ್ದದ್ದು ಇವತ್ತೇ. ತಾನೇ ಏನಾದರೂ ತಪ್ಪು ಕೂರಿಸಿದೆನೆ? ವಾಷರ್ರು? ಸ್ಪ್ರಿಂಗು? ಬೇರೆಯವರ ಟ್ರ್ಯಾಕ್ಟರು ಕೆಟ್ಟರೆ ಅವರನ್ನೇ ಬೈದು ಕಳಿಸಬಹುದು. ಅಕ್ಕನ ಮೀನು ಸತ್ತರೆ ಯಾರನ್ನು ಬೈಯುವುದು?

ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದ. ಕತ್ತಿನವರೆಗೂ ಡೀಸೆಲ್ಲಿತ್ತು. ಮುಚ್ಚಿದ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪನ್ನು ಕೈಯಿಂದಲೇ ಒತ್ತಿದ. ಪೈಪಿನಲ್ಲಿ ಏರ್ ಹಿಡಿದಿದ್ದರೆ ನೊರೆ ಬರಬೇಕು. ಬಂದದ್ದು ತಿಳಿಯಾದ ಡೀಸೆಲ್ಲು. ಸ್ಕ್ರೂ ಬಿಗಿದು ಸ್ಟಾರ್ಟ್ ಮಾಡಿದರೆ ಇಂಜಿನ್ನು ಏನೂ ಆಗಿಲ್ಲವೆಂಬಂತೆ ಗುಡುಗಿತು. ಚಕ್ರ ತಿರುಗಿತು. ಮೀನುಗಳು ಅತ್ತ ನುಗ್ಗಿದವು.

ಹತ್ತು ನಿಮಿಷ. ಹನ್ನೆರಡು. ಹದಿನೈದಕ್ಕೆ ಮತ್ತೆ ಅದೇ ಕೆಮ್ಮು, ಅದೇ ಮೌನ.

“ಹಾಳಾದ್ದೇ!” ಎಂದು ಟೈರಿಗೆ ಒದ್ದ. ಕಾಲ್ಬೆರಳು ನೊಂದಿತು, ಟೈರಿಗೇನೂ ಆಗಲಿಲ್ಲ.

ಸಣ್ಣ ಪಂಪನ್ನು ಬಿಚ್ಚಿ ನೋಡಿದ. ಎಲ್ಲ ಸರಿಯಾಗಿತ್ತು. ಇನ್ನುಳಿದದ್ದು ಹೋದ ವಾರ ಬಿಚ್ಚಿದ್ದ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದೊಡ್ಡ ಪಂಪು. ಅದಕ್ಕೆ ಕೈ ಹಾಕಿದರೆ ಸಂಜೆಯಾಗುತ್ತದೆ. ಸಂಜೆಯ ಹೊತ್ತಿಗೆ ಈ ಕೊಳದಲ್ಲಿ ಉಳಿಯುವುದು ಕಪ್ಪೆ ಮಾತ್ರ. ಆದರೂ ಸ್ಪ್ಯಾನರ್ ಹಾಕಿದ. ಬೇರೆ ದಾರಿ ಅವನಿಗೆ ತೋಚಲಿಲ್ಲ.

ದಂಡೆಯಿಂದ ಬಲೆ ಹಿಡಿದು ಬಂದ ಅಕ್ಕ ಕೂಗಿದಳು: “ಏ, ಬಿಚ್ಬೇಡ ನಿಲ್ಲೋ! ಮೊದ್ಲು ಆ ಮುಚ್ಚಳ ತೆಗಿ.”

“ಡೀಸೆಲ್ ಇದೆ ಅಕ್ಕಾ! ನೋಡಿ ನೋಡಿ ಸಾಕಾಗಿದೆ!”

“ಡೀಸೆಲ್ ನೋಡು ಅಂದ್ನಾ? ಸದ್ದು ಕೇಳು. ಆಗ ನೀನು ತೆಗೆದಾಗ ಅದು ಸುಂಯ್ ಅಂತ ಉಸಿರು ಎಳ್ಕೊಂಡ್ತು. ನಿನ್ನ ಬೈಗುಳದಲ್ಲಿ ನಿನಗೆಲ್ಲಿ ಕೇಳ್ಬೇಕು?”

ಮುಚ್ಚಳ ತಿರುವಿದ. ಸುಂಯ್.

ಅವನ ಮೈ ಜುಮ್ಮೆಂದಿತು. ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಗಾಳಿ ಹೋಗದಿದ್ದರೆ ಎಂಥ ಪಂಪೂ ಎಳೆಯಲಾರದು. ಆಗ ಮುಚ್ಚಳ ತೆಗೆದಾಗ ಒಳಹೋದ ಗಾಳಿಯಲ್ಲೇ ಅದು ಹದಿನೈದು ನಿಮಿಷ ಓಡಿತ್ತು. ಮುಚ್ಚಳ ತಿರುಗಿಸಿ ನೋಡಿದ. ತೂತಿನ ತುಂಬ ಮೇಣ. ಮೇಲೆ ಹೆಬ್ಬೆಟ್ಟಿನ ಗುರುತು, ಸಹಿ ಮಾಡಿದ ಹಾಗೆ.

“ಯಾರು ತುಂಬಿದ್ದು ಇದನ್ನ?”

“ನಾನೇ,” ಎಂದ ಭಾವ. “ಟ್ಯಾಂಕಿಗೆ ಒಂದು ಕಣ ಧೂಳು ಬಿದ್ರೂ ನಿಮ್ಮ ಕೈ ಮುರೀತೀನಿ ಅಂತ ಹೋದ ವಾರ ಕೂಗಾಡ್ದೆಯಲ್ಲ? ತೂತು ಕಾಣಿಸ್ತು, ಮುಚ್ದೆ. ನೀನು ಶಭಾಷ್ ಅಂತೀಯ ಅನ್ಕೊಂಡಿದ್ದೆ.”

ಬೈಯಲು ಬಾಯಿ ತೆರೆದ ಮೆಕ್ಯಾನಿಕ್ ಮತ್ತೆ ಮುಚ್ಚಳದ ಕಡೆ ತಿರುಗಿದ. ನಿಜ, ಹಾಗಂದಿದ್ದ. ತನಗಿಂತ ಹತ್ತು ವರ್ಷ ದೊಡ್ಡವನಿಗೆ, ಅಕ್ಕನ ಎದುರೇ ಅಂದಿದ್ದ.

ಅಕ್ಕ ಪಿನ್ನು ಕೊಟ್ಟಳು. ಮೇಣ ಕೆದಕಿ, ತೂತಿಗೆ ಬಾಯಿಟ್ಟು ಊದಿ ನೋಡಿದ. ಬಿಚ್ಚಿದ್ದನ್ನು ಜೋಡಿಸುವ ಅವಸರದಲ್ಲಿ ನಟ್ಟು ಎರಡು ಸಲ ಹುಲ್ಲಿಗೆ ಬಿತ್ತು. ಕೊಳದಲ್ಲಿ ಬಿಳಿ ಹೊಟ್ಟೆಗಳು ಹೆಚ್ಚಾಗಿದ್ದವು.

ಇಂಜಿನ್ನು ಹತ್ತಿಕೊಂಡಿತು. ಮೂವರೂ ಗಡಿಯಾರ ನೋಡುತ್ತ ನಿಂತರು. ಹದಿಮೂರು. ಹದಿನಾಲ್ಕು. ಹದಿನೈದು. ಅಕ್ಕ ಅವನ ತೋಳು ಹಿಡಿದಳು.

ಕೆಮ್ಮು ಕೇಳಿಸಿತು.

“ನಿಲ್ತಾ?” ಎಂದು ಮೆಕ್ಯಾನಿಕ್ ಹಾರಿಬಿದ್ದ.

“ಇಲ್ಲಪ್ಪಾ. ಕೆಮ್ಮಿದ್ದು ನಾನು,” ಎಂದ ಭಾವ.

ಇಪ್ಪತ್ತು ದಾಟಿತು. ಅರ್ಧ ಗಂಟೆಯಾಯಿತು. ನೀರಿನ ಮೇಲಿದ್ದ ಬಾಯಿಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು.

“ಭಾವ,” ಎಂದ ಮೆಕ್ಯಾನಿಕ್, ನೆಲ ನೋಡುತ್ತ. “ತೂತು ಮುಚ್ಬಾರ್ದು ಅಂತ ನಾನು ಹೇಳ್ಬೇಕಿತ್ತು.”

“ಹೇಳೋಕೆ ನಿನ್ನ ಬಾಯಿಗೆ ಬಿಡುವೆಲ್ಲಿತ್ತು?”

“ಸಾಕು, ಇಬ್ರೂ ಬನ್ನಿ,” ಎಂದು ಅಕ್ಕ ಬಲೆ ಎತ್ತಿಕೊಂಡಳು. “ಸತ್ತಿದ್ದನ್ನ ತೆಗೀಬೇಕು. ಬಿಟ್ರೆ ಬದುಕಿರೋದೂ ಸಾಯುತ್ತೆ.”

ಮೆಕ್ಯಾನಿಕ್ ಪ್ಯಾಂಟು ಮಡಚಿ ಮಂಡಿಯುದ್ದ ನೀರಿಗಿಳಿದ. ಕೈ ಮೀನು ಹೆಕ್ಕುತ್ತಿತ್ತು, ಕಿವಿ ಮಾತ್ರ ಟ್ರ್ಯಾಕ್ಟರಿನ ಹತ್ತಿರವೇ ಇತ್ತು.