ಹದಿನೇಳನೆಯ ದಾನಿಯ ಖಾಲಿ ಚೌಕ

ಹಳೆಯ ಫೈಲು ತಿರುವುತ್ತಿದ್ದವಳು ಒಂದು ಪುಟವನ್ನು ಎರಡೆರಡು ಸಲ ಓದಿದೆ. ಹದಿನೇಳನೆಯ ದಾನಿಯ ಒಪ್ಪಿಗೆ ಪತ್ರದಲ್ಲಿ ‘ಹೃದಯದ ಕೋಶ ಮಾಡಬಹುದೇ’ ಎಂಬುದರ ಮುಂದೆ ‘ಹೌದು’ ಎಂದಿತ್ತು. ‘ಮಿದುಳಿನ ಕೋಶ’ದ ಮುಂದಿನ ಚೌಕ ಖಾಲಿ. ನಾನೋ ಎಂಟು ತಿಂಗಳಿಂದ ಭಾನುವಾರವೂ ಬಿಡದೆ ಅವರ ಮಿದುಳಿನ ಕೋಶಗಳನ್ನೇ ಬೆಳೆಸುತ್ತಿದ್ದೆ!

ದಾನಿಗಳು ಕೊಟ್ಟ ಚಿಟಿಕೆ ಚರ್ಮವನ್ನು, ಯಾವ ಅಂಗವಾಗಿಯೂ ಬೆಳೆಯಬಲ್ಲ ಕಾಂಡಕೋಶವಾಗಿಸಿ, ಅದರಿಂದ ಬೇಕಾದ ಅಂಗದ ಕೋಶ ಬೆಳೆಸುವುದು ನನ್ನ ಕೆಲಸ. ದಿನಾ ಹೊತ್ತಿಗೆ ಸರಿಯಾಗಿ ಆಹಾರದ ದ್ರವ ಬದಲಿಸದಿದ್ದರೆ ಎಲ್ಲ ಸತ್ತುಹೋಗುತ್ತವೆ. ಅವುಗಳ ಸೇವೆಯಲ್ಲಿ ನನ್ನ ತಂಗಿಯ ಮದುವೆಯ ಊಟವನ್ನೂ ತಪ್ಪಿಸಿಕೊಂಡಿದ್ದೆ.

“ಫೋನ್ ಮಾಡಿ ಕೇಳು,” ಎಂದರು ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ. “ಬೇಡ ಅಂದ್ರೆ ಬ್ಲೀಚ್ ಸುರಿದು ಸಾಯಿಸು.”

ಫೋನ್ ಮಾಡಿದ ಮರುದಿನವೇ ದಾನಿ ಬಂದರು. ವಯಸ್ಸಾದ ಟೈಲರ್, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನಾನು ತಪ್ಪನ್ನು ಸುತ್ತಿ ಬಳಸಿ ಹೇಳಲು ಹೊರಟೆ.

“ನಾನು ಮರೆತು ಬಿಟ್ಟಿದ್ದಲ್ಲಮ್ಮ,” ಎಂದರು. “ಯಾರಾದ್ರೂ ಕೇಳ್ತಾರೆ, ಆಗ ವಿಚಾರಿಸ್ಕೊಂಡು ಬರೆಯೋಣ ಅಂತ ಖಾಲಿ ಬಿಟ್ಟೆ. ಎರಡು ವರ್ಷ ಆಯ್ತು. ಎಲ್ಲಿ, ತೋರ್ಸಿ ನೋಡೋಣ.”

ಮೊದಲು ಹೃದಯದ ಕೋಶಗಳನ್ನು ತೋರಿಸಿದೆ. ಸೂಕ್ಷ್ಮದರ್ಶಕದಡಿ ಅವು ತಮ್ಮಷ್ಟಕ್ಕೆ ಬಡಿಯುತ್ತಿದ್ದವು. ಟೈಲರ್ ತಮ್ಮ ಕೈಯ ನಾಡಿ ಹಿಡಿದುಕೊಂಡು ನೋಡಿದರು. “ಅಯ್ಯೋ, ನನಗಿಂತ ಜೋರಾಗಿದೆ!” ಎಂದು ನಕ್ಕರು.

ಆಮೇಲೆ ಮಿದುಳಿನದು. ಎಳ್ಳಿನಷ್ಟು ದಪ್ಪದ ಬಿಳಿ ಉಂಡೆಗಳು.

“ಇದಕ್ಕೆ ಏನಾದ್ರೂ ಗೊತ್ತಾಗತ್ತಾ?”

“ಇಲ್ಲ. ಕಣ್ಣಿಲ್ಲ, ಕಿವಿಯಿಲ್ಲ. ತೀರ ಚಿಕ್ಕದು.”

“ಖಂಡಿತಾನಾ?”

ಇಲ್ಲವೆಂದೇ ನನ್ನ ನಂಬಿಕೆ. ಆದರೆ ಅವರ ಮುಖ ನೋಡಿ ಸುಳ್ಳು ಧೈರ್ಯ ಹೇಳಲಾಗಲಿಲ್ಲ. “ಈ ಕೋಶಗಳು ಒಂದಕ್ಕೊಂದು ಸಂಕೇತ ಕಳಿಸ್ಕೊಳ್ತಾವೆ. ಅದು ಗೊತ್ತಾಗೋದಲ್ಲ ಅಂತ ಎಲ್ಲರೂ ಅಂತಾರೆ. ನೂರಕ್ಕೆ ನೂರು ಅಂತ ನಾನು ಹೇಳಲಾರೆ.”

ಅವರು ಇನ್ನೊಮ್ಮೆ ಬಗ್ಗಿದರು. ಎಷ್ಟು ಹೊತ್ತು ನೋಡಿದರೆಂದರೆ, ಒಪ್ಪಿಯೇಬಿಟ್ಟರು ಎಂದು ನನಗೆ ಆಸೆ ಹುಟ್ಟಿತು.

“ಹೃದಯ ಇರ್ಲಿ, ಬಡ್ಕೊಳ್ಲಿ. ಇದು ಬೇಡಮ್ಮ. ನಂದೇ ಒಂದು ಚೂರು ಏನೋ ಅಂದ್ಕೊಳ್ತಾ ಇಲ್ಲಿ ಕೂತಿರಬಹುದು ಅಂತ ಅನುಮಾನ ಇಟ್ಕೊಂಡು ನನಗೆ ಹೊಲಿಯೋಕಾಗಲ್ಲ.”

ಪೆನ್ನು ಕೇಳಿ, ಚೌಕದಲ್ಲಿ ‘ಬೇಡ’ ಎಂದು ದುಂಡಗೆ ಬರೆದರು. ನನಗೆ ಸಿಟ್ಟು ಉಕ್ಕಿ ಬಂತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಅವರ ಎದುರಿಗೇ ಆ ಉಂಡೆಗಳ ಮೇಲೆ ಬ್ಲೀಚ್ ಸುರಿದೆ. ಆಹಾರದ ದ್ರವದ ಗುಲಾಬಿ ಬಣ್ಣ ಬಿಟ್ಟುಹೋಯಿತು. ಖಾಲಿಯಾದ ಬ್ಲೀಚ್ ಬಾಟಲಿ ಹಿಡಿದು ನಾನು ಅಲ್ಲೇ ನಿಂತದ್ದನ್ನು ಕಂಡು ಅವರು ಹತ್ತಿರ ಬಂದರು.

“ತಪ್ಪಾಯ್ತಮ್ಮ, ನಿಮ್ಮ ಕೆಲಸ ಹಾಳು ಮಾಡ್ದೆ,” ಎಂದರು.

‘ತಪ್ಪಾಯ್ತು.’ ಬೆಳಗಿನಿಂದ ಅವರಿಗೆ ಹೇಳಲು ನನ್ನ ಬಾಯಿಗೆ ಬಾರದೆ ಉಳಿದಿದ್ದ ಮಾತು ಅದು.