ಕೈ ಮುಚ್ಚಿದ ಮೇಲೂ

ತನ್ನ ತಂಗಿಗೆ ಹಾಡಲು ಬರುವುದಿಲ್ಲ ಎಂಬ ಒಂದು ಮಾತನ್ನು ಅಮ್ಮಾಜಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು. ಯಾರಾದರೂ ಆದಿಲಕ್ಷ್ಮಿಯ ಹೆಸರೆತ್ತಿದರೆ ಸಾಕು, ಗಂಟು ಬಿಚ್ಚುತ್ತಿದ್ದಳು. “ಅವಳಿಗೆಲ್ಲಿ ಬಂತು ಗಂಟ್ಲು? ಕೈ ಆಡಿಸ್ತಾಳೆ, ಅಷ್ಟೇಯ. ಕೈ ಆಡಿಸಿದ್ದಕ್ಕೆ ಸಂಬಳ ಕೊಡೋದಾದ್ರೆ ನಮ್ಮ ಒಲದಾಗಿರೋ ಬೆದರುಬೊಂಬೆಗೂ ಕೊಡ್ಲಿ!”

ಮಾತು ಸುಳ್ಳೇನಲ್ಲ. ಅಪ್ಪ ಶ್ರೀನಿವಾಸಪ್ಪ ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಲ್ಲಿ ಗಂಟಲು ಬಂದದ್ದು ದೊಡ್ಡವಳಿಗೇ. ಚಿಕ್ಕವಳು ಗಂಟಲಮಾರಿ ಬಂದು ಬದುಕಿ ಉಳಿದದ್ದೇ ಹೆಚ್ಚು. ಆಮೇಲೆ ಅವಳ ಸ್ವರ ಕೀರಲಾಗಿಯೇ ಉಳಿಯಿತು. ಮದುವೆಮನೆಯಲ್ಲಿ ಅಮ್ಮಾಜಮ್ಮ ಸೋಬಾನೆಗೆ ಕೂತರೆ ಆದಿಲಕ್ಷ್ಮಿ ಪಕ್ಕದಲ್ಲಿ ಕೂತು ತೊಡೆ ತಟ್ಟುತ್ತ, ಹಿಂದಿನ ಹೆಂಗಸರು ಎಲ್ಲಿ ಎತ್ತಿಕೊಳ್ಳಬೇಕು ಅಂತ ಕಣ್ಣಲ್ಲೇ ತೋರಿಸುತ್ತಿದ್ದಳು. ಆಗ ಅದನ್ನು ಯಾರೂ ವಿದ್ಯೆ ಅಂತ ಕರೆಯಲಿಲ್ಲ.

ಹಾಡುವ ಹುಡುಗಿಯನ್ನು ಬಂಗಾರಪೇಟೆ ಪಕ್ಕದ ಹಳ್ಳಿಯ ಕೋದಂಡಪ್ಪನ ಮನೆಯವರು ಮುಗಿಬಿದ್ದು ಸೊಸೆ ಮಾಡಿಕೊಂಡರು. ಹಾಡಲು ಬಾರದವಳನ್ನು ಯಾರು ಕೇಳುತ್ತಾರೆ ಅಂತ ಅಪ್ಪ ಅವಳನ್ನು ಗಣಿಯ ಪಕ್ಕದ ಕೋರಮಂಡಲಿನ ಶಾಲೆಗೆ ಕಳಿಸಿದ. ಅಲ್ಲೊಬ್ಬ ಟೀಚರು ಮಕ್ಕಳ ಪ್ರಾರ್ಥನೆಗೆ ತಾಳ ತೋರಿಸಲು ಇವಳನ್ನೇ ಮುಂದೆ ನಿಲ್ಲಿಸಿದರಂತೆ. ಶಾಲೆಯಿಂದ ಕಾಲೇಜು, ಕಾಲೇಜಿನಿಂದ ಸಂಗೀತದ ಪರೀಕ್ಷೆ. ಕೊನೆಗೆ ಐವತ್ತೇಳನೇ ಇಸವಿಯಲ್ಲಿ ವಿಶ್ವವಿದ್ಯಾನಿಲಯದವರು ಹುಡುಗ ಹುಡುಗಿಯರಿಗೆ ವೃಂದಗಾನ ಕಲಿಸುವ ಕೆಲಸ ಕೊಟ್ಟರು. ಹತ್ತಾರು ಜನರನ್ನು ಒಂದೇ ಉಸಿರಿಗೆ ತಂದು ಹಾಡಿಸುತ್ತಾಳೆ, ತಾನೇ ರಾಗ ಕೂಡಿಸುತ್ತಾಳೆ ಅಂತ ಪೇಪರಿನಲ್ಲಿ ಫೋಟೋ ಬಂತು. ಫೋಟೋದಲ್ಲೂ ಕಾಣುವುದು ಬೆನ್ನೇ. “ಜನಕ್ಕೆ ಬೆನ್ನು ತೋರಿಸೋ ಹಾಡುಗಾರ್ತಿ” ಅಂತ ಅಮ್ಮಾಜಮ್ಮ ಊರೆಲ್ಲ ನಗಿಸಿದಳು. ನಗಿಸಿ ಮನೆಗೆ ಬಂದರೆ ಹೊಟ್ಟೆಯಲ್ಲಿ ಮಾತ್ರ ಒಣಮೆಣಸಿನಕಾಯಿ ಹುರಿದ ಹಾಗಿತ್ತು.

ಇದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ತಾಂಬೂಲದ ವಿಷಯ ನುಂಗಲಾಗಲಿಲ್ಲ. ಆ ಕಡೆಯ ಮದುವೆಗಳಲ್ಲಿ ಹಾಡು ಮುಗಿದ ಮೇಲೆ ಮೊದಲ ತಾಂಬೂಲ ಪದ ಎತ್ತಿದವಳಿಗೇ ಸಲ್ಲಬೇಕು, ಮಿಕ್ಕವರಿಗೆ ಆಮೇಲೆ. ಅಮ್ಮಾಜಮ್ಮನಿಗೆ ಲೋಕದಲ್ಲಿದ್ದ ಮರ್ಯಾದೆಯೆಲ್ಲ ಆ ಎರಡು ಎಲೆ, ಒಂದು ಅಡಿಕೆಯಲ್ಲೇ ಇತ್ತು. ನೆಂಟನೊಬ್ಬನ ಮಗಳ ಮದುವೆಯಲ್ಲಿ ಅವಳು ಬೆಳಗಿನಿಂದ ಗಂಟಲು ಹರಿಯುವಷ್ಟು ಹಾಡಿ ಕೈಯೊಡ್ಡಿದರೆ, ತಟ್ಟೆ ಅವಳನ್ನು ದಾಟಿ, ಒಂದು ಸೊಲ್ಲೂ ಹಾಡದೆ ಕಂಬಕ್ಕೊರಗಿ ಕೂತಿದ್ದ ಆದಿಲಕ್ಷ್ಮಿಯ ಮುಂದೆ ಹೋಗಿ ನಿಂತಿತು. “ಮೊದ್ಲು ಯೂನಿವರ್ಸಿಟಿಯೋರು ತಕೊಳ್ಳಲಿ” ಅಂದರು ಮನೆಯವರು. ಆದಿಲಕ್ಷ್ಮಿ ಬೇಡ ಬೇಡ ಅಂತ ಅಕ್ಕನ ಕಡೆ ತೋರಿಸಿದಳು. ದಾನ ಕೊಟ್ಟ ಹಾಗೆ ಬಂದ ಆ ತಾಂಬೂಲವನ್ನು ಅಮ್ಮಾಜಮ್ಮ ದಾರಿಯಲ್ಲಿ ಹಸುವಿನ ಬಾಯಿಗೆ ಹಾಕಿದಳು.

ಅರವತ್ತಮೂರರಲ್ಲಿ ಆದಿಲಕ್ಷ್ಮಿ ತನ್ನ ಹುಡುಗರನ್ನೆಲ್ಲ ಗಣಿಯ ಹತ್ತಿರದ ರಾಬರ್ಟ್‌ಸನ್‌ಪೇಟೆಗೆ ಕರೆತಂದಳು. ಅಲ್ಲಿನ ದೊಡ್ಡ ಹಾಲ್‌ನಲ್ಲಿ ಹಾಡಿನ ಕಚೇರಿ. ಊರ ಸೋಬಾನೆ ಪದವನ್ನೇ ಹಿಡಿದು ಹೊಸದೊಂದು ಹಾಡು ಕಟ್ಟಿದ್ದಳಂತೆ. ಅಕ್ಕನ ಮನೆಗೆ ಬಂದು, “ಅಕ್ಕಾ, ನೀನೂ ನಿನ್ನ ಜೊತೆಯೋರೂ ಮುಂದಿನ ಸಾಲಲ್ಲಿ ನಿಂತು ಹಾಡ್ಬೇಕು. ಈ ಪದ ನಿಮ್ಮಿಂದಾನೇ ಕಲಿತದ್ದು” ಅಂದಳು.

ಅಮ್ಮಾಜಮ್ಮ ಬಿಗುಮಾನ ಮಾಡಿಯೇ ಒಪ್ಪಿದಳು. ಅಭ್ಯಾಸಕ್ಕೆ ನಿಂತಾಗ ತಂಗಿ ಬಲಗೈ ಎತ್ತಿ ಮುಷ್ಟಿ ಮಾಡಿ ತೋರಿಸಿದಳು. “ಕೊನೇಲಿ ನಾನು ಹೀಗೆ ಕೈ ಮುಚ್ಚಿದ ತಕ್ಷಣ ಎಲ್ಲಾರೂ ಒಟ್ಟಿಗೇ ನಿಲ್ಲಿಸಬೇಕು. ಒಬ್ಬರ ಗಂಟಲೂ ಬೇರೆಯಾಗಿ ಕೇಳಬಾರದು.”

“ನನ್ನ ಗಂಟ್ಲೂ ಕೇಳಬಾರ್ದೇನೇ?”

“ಎಲ್ಲಾರದೂ ಸೇರಿ ಒಂದೇ ಕೇಳ್ಬೇಕು ಅಕ್ಕಾ.”

ಆದಿಲಕ್ಷ್ಮಿ ಸಹಜವಾಗಿಯೇ ಹೇಳಿದ್ದು. ಆದರೆ ಹೊಟ್ಟೆಕಿಚ್ಚಿಗೆ ಸಹಜ ಮಾತು ಎಂಬುದೇ ಇಲ್ಲ. ಇವಳಿಗೆ ಗಂಟಲಿಲ್ಲ, ಅದಕ್ಕೇ ಗಂಟಲಿರುವವರ ಬಾಯಿ ಮುಚ್ಚಿಸುವ ಉದ್ಯೋಗ ಹಿಡಿದಿದ್ದಾಳೆ ಅಂತ ಅಮ್ಮಾಜಮ್ಮ ತೀರ್ಮಾನಿಸಿಬಿಟ್ಟಳು. ಆಗಲಿ, ಕೈ ಮುಚ್ಚಲಿ. ಮುಚ್ಚಿದ ಮೇಲೆ ನಾನು ತೋರಿಸುತ್ತೇನೆ.

ಕಚೇರಿಯ ದಿನ ಸಾಯಂಕಾಲ ಹಾಲ್‌ನಲ್ಲಿ ನಿಲ್ಲಲು ಜಾಗವಿರಲಿಲ್ಲ. ಗಣಿಯ ಸಾಹೇಬರುಗಳು ಮುಂದೆ, ಲೈನುಮನೆಯ ಜನ ಹಿಂದೆ. ಆದಿಲಕ್ಷ್ಮಿ ಎಲ್ಲರಿಗೂ ಬೆನ್ನು ಮಾಡಿ ನಿಂತು ಕೈ ಎತ್ತಿದಳು. ಹಾಡು ಚೆನ್ನಾಗಿತ್ತು, ಅಮ್ಮಾಜಮ್ಮನಿಗೂ ಅದು ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ಉರಿಯುತ್ತಿತ್ತು. ಕೊನೆಯ ಸೊಲ್ಲು ಬಂತು. ತಂಗಿಯ ಕೈ ಮುಚ್ಚಿತು. ಎಲ್ಲರೂ ಕತ್ತರಿಸಿದಂತೆ ನಿಲ್ಲಿಸಿದರು.

ಅಮ್ಮಾಜಮ್ಮ ನಿಲ್ಲಿಸಲಿಲ್ಲ. ಆ ಕೊನೆಯ ಸ್ವರವನ್ನು ಹಿಡಿದು ಒಬ್ಬಳೇ ಎಳೆದಳು. ಯಾವ ಮದುವೆಮನೆಯಲ್ಲೂ ಹಾಗೆ ಎಳೆದವಳಲ್ಲ. ಸೋಬಾನೆಯಲ್ಲಿ ಪದ ಎತ್ತುವವಳು ಮೊದಲು ಬಿಡುತ್ತಾಳೆ, ಮುಗಿಸುವವರು ಹಿಂದಿನವರು. ಇದು ಬೇಕೆಂದೇ ಎಳೆದದ್ದು. ತಂಗಿಯ ಕಟ್ಟಡ ಊರವರ ಕಣ್ಣೆದುರೇ ಕುಸಿಯಲಿ, ಯಾರ ಗಂಟಲು ಅಂತ ಜನ ತಿಳಿಯಲಿ ಅಂತಲೇ.

ಆದಿಲಕ್ಷ್ಮಿಯ ಮುಷ್ಟಿ ಹಾಗೇ ಗಾಳಿಯಲ್ಲಿ ನಿಂತಿತು. ಅಕ್ಕನ ಕಣ್ಣನ್ನೇ ನೋಡಿದಳು. ಆಮೇಲೆ ಒಂದೊಂದೇ ಬೆರಳು ಬಿಚ್ಚಿದಳು. ಹಿಂದಿನ ಸಾಲಿನ ಹುಡುಗರು ಮೆಲ್ಲಗೆ ಗುಂಯ್‌ಗುಡತೊಡಗಿದರು, ಅದರ ಮೇಲೆ ಹುಡುಗಿಯರು. ಅಮ್ಮಾಜಮ್ಮನ ಸ್ವರದ ಕೆಳಗೆ ಎಲ್ಲರೂ ಬಂದು ನಿಂತು, ಅದನ್ನು ಎತ್ತಿ ಹಿಡಿದು, ಕೊನೆಯ ಸೊಲ್ಲನ್ನು ಇನ್ನೊಮ್ಮೆ ಹಾಡಿದರು. ಕೈ ಮತ್ತೆ ಮುಚ್ಚಿತು. ಈ ಸಲ ಅಮ್ಮಾಜಮ್ಮನೂ ನಿಲ್ಲಿಸಿದಳು. ಉಸಿರು ಮುಗಿದಿತ್ತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾಹೇಬರೊಬ್ಬರು ವೇದಿಕೆ ಹತ್ತಿ ಬಂದು ಆದಿಲಕ್ಷ್ಮಿಯ ಕೈ ಹಿಡಿದು, ಎಲ್ಲ ನಿಂತ ಮೇಲೆ ಒಂದೇ ಸ್ವರ ಉಳಿಯುವಂತೆ ಮಾಡಿದ್ದು ಎಂಥ ಕಲ್ಪನೆ ಅಂತ ಹೊಗಳಿದರು. ಅಮ್ಮಾಜಮ್ಮ ಅಲ್ಲೇ ಪಕ್ಕದಲ್ಲಿದ್ದಳು. ಅವಳ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಜನ ಕರಗಿದ ಮೇಲೆ ತಂಗಿ ಹತ್ತಿರ ಬಂದಳು. “ಬೇಕಂತಲೇ ಮಾಡಿದೆ, ಅಲ್ವಾ ಅಕ್ಕಾ?”

ಅಮ್ಮಾಜಮ್ಮ ಸೆರಗು ಸರಿಮಾಡಿಕೊಂಡಳು.

“ಹೋಗ್ಲಿ ಬಿಡು. ಅದು ಚೆನ್ನಾಗಿತ್ತು. ನಾನಾಗಿ ಯೋಚಿಸಿದ್ರೂ ನನಗೆ ಹೊಳೀತಿರ್ಲಿಲ್ಲ. ಹಾಡಲ್ಲಿ ಹಾಗೇ ಇಟ್ಕೋತೀನಿ. ಅದು ನಮ್ಮಕ್ಕನದು ಅಂತ ಎಲ್ಲಾ ಕಡೆ ಹೇಳ್ಲಾ?”

ಅಮ್ಮಾಜಮ್ಮ ಲೆಕ್ಕ ಹಾಕಿದಳು. ಹೆಸರು ಹೇಳಿದರೆ ಹೆಸರಿನ ಹಿಂದೆಯೇ ಕತೆಯೂ ಬರುತ್ತದೆ. ಒಡಹುಟ್ಟಿದವಳ ಹಾಡು ಕೆಡಿಸಲು ಹೋದವಳು ಅಂತ ಊರು ಬಾಯಿಗೆ ಹಾಕಿಕೊಂಡರೆ ಇನ್ನಾವ ಮದುವೆಗೆ ಕರೆದಾರು? “ನನ್ನೆಸರು ಎಲ್ಲೂ ಎತ್ತಬ್ಯಾಡ” ಅಂದಳು. “ನೀನೇ ಏಳಿಕೊಟ್ಟಿದ್ದು ಅಂತ ನಾನೂ ಏಳ್ತೀನಿ. ಅಲ್ಲಿಗೆ ಮುಗೀತು.”

ಹಾಗೇ ಹೇಳಿದಳು ಕೂಡ. ಗಂಡನಿಗೆ ಹೇಳಿದಳು, ಪಕ್ಕದ ಮನೆಯ ಮುನಿನಾರಾಯಣಮ್ಮನಿಗೆ ಹೇಳಿದಳು, ಬಾವಿಕಟ್ಟೆಯಲ್ಲಿ ಕೇಳಿದವರಿಗೆಲ್ಲ ಹೇಳಿದಳು.

ಮರುವರ್ಷ ಪಂಚಾಯ್ತಿ ರೇಡಿಯೋದಲ್ಲಿ ಅದೇ ಹಾಡು ಬಂತು. ಊರಿನವರು ಜಗಲಿಯ ಮೇಲೆ ಕೂತು ಕೇಳಿದರು. ಎಲ್ಲರೂ ನಿಂತ ಮೇಲೆ ಒಂದು ಎಳೆಯ ಗಂಟಲು ಒಂದೇ ಉಳಿದು, ಅಮ್ಮಾಜಮ್ಮ ಎಳೆದಷ್ಟೇ ಎಳೆದು, ಅವಳು ನಡುಗಿದ ಕಡೆಯಲ್ಲೇ ನಡುಗಿತು. “ಅಯ್ಯೋ, ಯಾವ ಊರ ಉಡ್ಗೀನೋ, ಏನು ಗಂಟ್ಲಮ್ಮ!” ಅಂತ ಮುನಿನಾರಾಯಣಮ್ಮ ಕಣ್ಣೊರೆಸಿಕೊಂಡಳು.

“ಅದು ನಂದು!” ಅಂದುಬಿಟ್ಟಳು ಅಮ್ಮಾಜಮ್ಮ.

“ನಿಂದೆಂಗಾಯ್ತದೆ?” ಅಂದ ಗಂಡ ಕೋದಂಡಪ್ಪ. “ನಿನ್ನ ತಂಗಿ ಏಳಿಕೊಟ್ಟಿದ್ದು ಅಂತ ನೀನೇ ಅಂದಿದ್ಯಲ್ಲ. ನಿನಗೂ ಏಳಿಕೊಟ್ಳು, ಈ ಉಡ್ಗೀಗೂ ಏಳಿಕೊಟ್ಳು.”

ಕಳ್ಳನಿಗೆ ಚೇಳು ಕಡಿದ ಹಾಗಾಯಿತು, ಕೂಗುವ ಹಾಗಿಲ್ಲ. ಅಮ್ಮಾಜಮ್ಮ ಎದ್ದು ಮನೆಗೆ ಹೋದಳು. ಇಷ್ಟು ವರ್ಷ ತಂಗಿಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಮುಖವೇ ನೋಡದ ಯಾವಳೋ ಹುಡುಗಿಯ ಮೇಲೂ ಹತ್ತಿಕೊಂಡು ಉರಿಯಿತು.

ಬೇಸಗೆಯಲ್ಲಿ ಮುನಿನಾರಾಯಣಮ್ಮನ ಮಗನ ಮದುವೆ ಬಂತು. ಆದಿಲಕ್ಷ್ಮಿಗೆ ಬರಲಾಗಲಿಲ್ಲ. ಅಮ್ಮಾಜಮ್ಮ ಸೋಬಾನೆಗೆ ಕೂತಳು. ಅವತ್ತು ಕೊನೆಯ ಪದದಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಹಿಂದಿನವರು ಮುಗಿಸಿದ ಮೇಲೂ ಸ್ವರವನ್ನು ಹಿಡಿದು ಎಳೆದಳು, ಇದ್ದ ಉಸಿರನ್ನೆಲ್ಲ ಸುರಿದು ಎಳೆದಳು. ಚಪ್ಪರದಡಿ ಕೂಸುಗಳು ಕೂಡ ಸುಮ್ಮನಾದವು.

ಮುನಿನಾರಾಯಣಮ್ಮ ತಟ್ಟೆ ಹಿಡಿದು ಯಾರನ್ನೂ ನೋಡದೆ ನೇರ ಅವಳ ಹತ್ತಿರವೇ ಬಂದಳು. ಮುಖವೆಲ್ಲ ನಗು. “ತಕೊಳ್ಳಕ್ಕಯ್ಯ, ಮೊದಲ್ನೇದು ನಿಂಗೇ. ಥೇಟ್ ಆ ರೇಡಿಯೋ ಉಡ್ಗಿ ಅಂಗೇ ಪದ ಏಳ್ದೆ ಕಣಕ್ಕಯ್ಯ! ಈ ವಯಸ್ನಾಗೂ ಅಷ್ಟು ಚೆಂದಾಗಿ ಕಲ್ತಿದ್ದೀಯಲ್ಲ!”

ಅಮ್ಮಾಜಮ್ಮ ಎರಡೂ ಕೈಯೊಡ್ಡಿ ತಾಂಬೂಲ ತೆಗೆದುಕೊಂಡಳು. ಸುತ್ತ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

“ಊಂ ಕಣೇ,” ಅಂದಳು. “ನನ್ನ ತಂಗಿ ಕಲಿಸಿದ್ದು.”